ಅಜ್ಜನ ಮಂಚ, ನನ್ನ ಯುಕುಲೆಲೆ, ಒಂದು ಬಿರುಕು

1/7
ಫೋಟೋದಲ್ಲಿರೋದು ನನ್ನ ಹೊಸ ಯುಕುಲೆಲೆ. ಸ್ಟೋರಿ ಹಾಕಿದ ದಿನದಿಂದ ನೀವೆಲ್ಲ ಕೇಳ್ತಿರೋದು ಎರಡೇ ಪ್ರಶ್ನೆ. "ಎಲ್ಲಿ ತಗೊಂಡೆ?" "ಎಷ್ಟಾಯ್ತು?" ಮೊದಲನೇದಕ್ಕೆ ಉತ್ತರ ಸುಲಭ. ತಗೊಂಡಿದ್ದಲ್ಲ, ಮಾಡಿಸಿದ್ದು. ಎರಡನೇದು ಸ್ವಲ್ಪ ಉದ್ದ ಇದೆ, ಅದಕ್ಕೇ ಏಳು ಪೋಸ್ಟ್. ತಾಳ್ಮೆ ಇದ್ದೋರು ಓದಿ, ಇಲ್ಲದೋರು ಸೇವ್ ಮಾಡ್ಕೊಳ್ಳಿ.

₹3,000ಕ್ಕೂ ಯುಕುಲೆಲೆ ಸಿಗುತ್ತೆ. ಪಿಯುಸಿಯಲ್ಲಿ ನಾನು ಕಲಿತದ್ದು ಅಂಥದ್ರಲ್ಲೇ. ಅದು ಇವತ್ತಿಗೂ ಚೆನ್ನಾಗೇ ಇದೆ. ಇನ್ನೊಂದು ಬೇಕು ಅನ್ನಿಸೋಕೆ ಕಾರಣ ಅಜ್ಜನ ಮಂಚ.

2/7
ಅಜ್ಜಿ ಮನೆ ಸಾಗರದ ಹತ್ರ. ಅಜ್ಜ ಹೋಗಿ ಎರಡು ವರ್ಷ ಆಯ್ತು. ಅವರು ಮಲಗ್ತಿದ್ದ ಹಲಸಿನ ಮರದ ಮಂಚವನ್ನ ಬಿಚ್ಚಿ ಅಟ್ಟಕ್ಕೆ ಹಾಕಿದ್ರು. ಕಳೆದ ದೀಪಾವಳಿಗೆ ಹೋದಾಗ ಮಾವ, "ಅರ್ಧ ಹುಳ ತಿಂದಿದೆ, ಬಚ್ಚಲ ಒಲೆಗೆ ಹಾಕೋಣ" ಅಂದ್ರು. ನನಗೆ ಹೊಟ್ಟೆ ಚುರ್ ಅಂತು. ಆ ಮಂಚದ ಮೇಲೆ ಕೂತೇ ನಾನು ಮಗ್ಗಿ ಕಲಿತಿದ್ದು.

ವೀಣೆ ಹಲಸಿನ ಮರದ್ದು, ಮೃದಂಗವೂ ಹಲಸಿನದ್ದೇ. ಹಾಗಿದ್ರೆ ಯುಕುಲೆಲೆ ಯಾಕಾಗ್ಬಾರದು?

ಆಮೇಲೆ ಓದಿದಾಗ ಗೊತ್ತಾಯ್ತು, ಇದೇನು ಹುಚ್ಚು ಐಡಿಯಾ ಅಲ್ಲ ಅಂತ. 1879ರಲ್ಲಿ ಪೋರ್ಚುಗಲ್‌ನ ಮಡೈರಾ ದ್ವೀಪದಿಂದ ಹಡಗು ಹತ್ತಿ ಹವಾಯಿಯ ಹೊನೊಲುಲುಗೆ ಬಂದವರಲ್ಲಿ ಮರಗೆಲಸ ಗೊತ್ತಿದ್ದ ಮೂವರಿದ್ರು: ಮ್ಯಾನುಯೆಲ್ ನೂನೆಸ್, ಆಗುಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ. ಬಂದಿದ್ದು ಕಬ್ಬಿನ ತೋಟದ ಕೂಲಿಗೆ. ಆಮೇಲೆ ಪೀಠೋಪಕರಣ ಮಾಡ್ತಾ ಮಾಡ್ತಾ, ತಮ್ಮೂರಿನ ಪುಟ್ಟ ತಂತಿವಾದ್ಯವನ್ನ ಅಲ್ಲಿನ ಕೋವಾ ಮರದಲ್ಲಿ ಮಾಡಿದ್ರು. ಅದೇ ಯುಕುಲೆಲೆ ಆಯ್ತು. ಅಂದ್ರೆ ಮೇಜು ಕುರ್ಚಿ ಮಾಡೋ ಕೈಗಳಲ್ಲೇ ಹುಟ್ಟಿದ ವಾದ್ಯ ಇದು. ಮಂಚದಿಂದ ಆದ್ರೆ ಏನು ತಪ್ಪು?

3/7
ಗಿಟಾರ್, ಯುಕುಲೆಲೆ ಕೈಯಲ್ಲಿ ಮಾಡೋರಿಗೆ ಲೂಥಿಯರ್ ಅಂತಾರೆ. ಬೆಂಗಳೂರಲ್ಲಿ ಒಬ್ಬರ ನಂಬರ್ ಸಿಕ್ತು. ಫೆಬ್ರವರಿಯಲ್ಲಿ ಎರಡು ಹಲಗೆ ಗೋಣಿಚೀಲದಲ್ಲಿ ಸುತ್ತಿ ತಾಳಗುಪ್ಪ ಟ್ರೇನಲ್ಲಿ ಹೊತ್ಕೊಂಡು ಹೋದೆ. ಪಕ್ಕದ ಸೀಟಿನ ಆಂಟಿ, "ಬಾಗಿಲಾ?" ಅಂತ ಕೇಳಿದ್ರು.

ಅವರು ಹಲಗೆಯನ್ನ ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ತಟ್ಟಿ, ಕಿವಿ ಕೊಟ್ಟು ಕೇಳಿದ್ರು. ಒಂದು ಹಲಗೆಯನ್ನ ಪಕ್ಕಕ್ಕಿಟ್ರು, "ಇದು ಒಳಗೆಲ್ಲ ಹುಳ. ಒಲೆಗೇ ಸರಿ." ಇನ್ನೊಂದರಲ್ಲಿ ಬೆನ್ನು ಮತ್ತು ಪಕ್ಕೆ ಮಾಡಬಹುದು ಅಂದ್ರು. ಸದ್ದು ಹೊರಡೋದು ಮುಖ್ಯವಾಗಿ ಮುಂದಿನ ಹಲಗೆಯಿಂದ, ಅದಕ್ಕೆ ಮಹಾಗನಿ ಹಾಕೋಣ ಅಂದ್ರು.

ನಾನು ಟೆನರ್ ಸೈಜ್ ಬೇಕು ಅಂದೆ, 17 ಇಂಚಿನ ತಂತಿ ಅಳತೆ. ಅವರು ನನ್ನ ಕೈಗೆ ಎರಡು ಯುಕುಲೆಲೆ ಕೊಟ್ಟು ಒಂದೇ ಕಾರ್ಡ್ ಹಿಡಿಸಿದ್ರು. ಟೆನರ್‌ನಲ್ಲಿ ಕಿರುಬೆರಳು ಒದ್ದಾಡ್ತು. "ನೋಡಮ್ಮ, ಕಾನ್ಸರ್ಟ್ ಸೈಜ್ ಮಾಡೋಣ, 15 ಇಂಚು. ನಿನ್ನ ಮರಕ್ಕೂ ಅದೇ ಸರಿಹೋಗುತ್ತೆ." ಅವರು ಬೇಡ ಅಂದಾಗಲೇ ನನಗೆ ಅವರ ಮೇಲೆ ನಂಬಿಕೆ ಬಂದಿದ್ದು.

4/7
ರೇಟ್ ₹22,000 ಅಂದ್ರು. ನಾನು ಬಿಕಾಂ ಅಲ್ವಾ, ಚೌಕಾಸಿ ಮಾಡದಿದ್ರೆ ಡಿಗ್ರಿಗೆ ಅವಮಾನ! "ಸರ್, ಸ್ಟೂಡೆಂಟ್. ಮರವೂ ನಂದೇ. 20 ಮಾಡ್ಕೊಳ್ಳಿ" ಅಂದೆ. ಅವರು ಒಂದು ನಿಮಿಷ ಹಲಗೆ ನೋಡ್ತಾ ನಿಂತು, "ಆಯ್ತು" ಅಂದ್ರು. ₹10,000 ಅಡ್ವಾನ್ಸ್ ಕೊಟ್ಟೆ. ಮೂರು ಮಕ್ಕಳಿಗೆ ಟ್ಯೂಷನ್ ಹೇಳಿ ತಿಂಗಳಿಗೆ ₹2,400ರ ಹಾಗೆ ಕೂಡಿಟ್ಟ ದುಡ್ಡು ಅದು. ವಾಪಸ್ ಬರ್ತಾ ಟ್ರೇನಲ್ಲಿ ₹2,000 ಉಳಿಸಿದ ಖುಷಿಗೆ ಎರಡು ಮಸಾಲೆ ವಡೆ ತಿಂದೆ.

ಆಮೇಲೆ ಕಾಯೋದೇ ಕೆಲಸ. ಮಲೆನಾಡಿನ ಅಟ್ಟದಲ್ಲಿದ್ದ ಮರ ಬೆಂಗಳೂರಿನ ಗಾಳಿಗೆ ಹೊಂದಿಕೊಳ್ಳಲಿ ಅಂತ ವಾರಗಟ್ಟಲೆ ಸುಮ್ಮನೆ ಇಟ್ರು. ಆಮೇಲೆ ಹಲಗೆಯನ್ನ ಪುಸ್ತಕ ಬಿಚ್ಚಿದ ಹಾಗೆ ಸೀಳಿ, ಎರಡು ಹೋಳನ್ನ ಅಂಟಿಸಿ ಬೆನ್ನು ಮಾಡಿದ ಫೋಟೋ ಬಂತು. ಅಜ್ಜಿಗೆ ತೋರಿಸಿದೆ. "ಅಯ್ಯೋ, ಮಂಚದೊಳಗೆ ಇಂಥ ಹಳದಿ ಬಣ್ಣ ಇತ್ತಾ?" ಅಂದ್ರು.

5/7
ಜೂನ್‌ನಲ್ಲಿ ಫೋನ್ ಬಂತು. "ನೋಡಮ್ಮ, ಬಗ್ಗಿಸುವಾಗ ಪಕ್ಕೆ ಬಿರುಕು ಬಿಡ್ತು."

ಪಕ್ಕೆ ಹೇಗೆ ಮಾಡ್ತಾರೆ ಅಂದ್ರೆ, ಮರವನ್ನ ಹೆಚ್ಚುಕಮ್ಮಿ 2 ಮಿಲಿಮೀಟರ್ ದಪ್ಪಕ್ಕೆ ಇಳಿಸಿ, ನೀರು ಹಚ್ಚಿ, ಬಿಸಿ ಕೊಳವೆಗೆ ಒತ್ತಿ ಒತ್ತಿ ನಿಧಾನಕ್ಕೆ ಬಗ್ಗಿಸ್ತಾರೆ. ಸೊಂಟದ ತಿರುವಿನಲ್ಲೇ ಕಷ್ಟ. ಹಳೇ ಮರ, ಎಳೆ ನೆಟ್ಟಗಿರಲಿಲ್ಲ, ಅಲ್ಲೇ ಒಡೀತು. ಇನ್ನೊಂದು ಜೊತೆ ಪಕ್ಕೆ ಆಗುವಷ್ಟು ಮರ ಉಳಿದಿರಲಿಲ್ಲ.

ನಾನು ಹೇಳಿದ ಮಾತನ್ನ ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಬರೀತೀನಿ. "ಇಷ್ಟು ದುಡ್ಡು ತಗೊಂಡು ಹೀಗಾ ಸರ್ ಮಾಡೋದು?"

ಅವರು ಜೋರು ಮಾಡಲಿಲ್ಲ. "ಹಳೇ ಮರ ಒಡೆಯುತ್ತಮ್ಮ. ಮೊದಲು ಹೇಳಿದ ರೇಟಲ್ಲಿ ಅದಕ್ಕೇ ಅಂತ ಎರಡು ದಿನದ ಕೆಲಸ ಜಾಸ್ತಿ ಇಟ್ಟಿದ್ದೆ. ಚೂರುಗಳನ್ನ ಬಗ್ಗಿಸಿ ನೋಡೋಕೆ, ಒಡೆದ್ರೆ ಬೇರೆ ಮರ ಹಾಕೋಕೆ. ನೀನು ಕೇಳಿದೆ ಅಂತ ಅದನ್ನೇ ಬಿಟ್ಟೆ. ಇರಲಿ, ಮಹಾಗನಿ ಪಕ್ಕೆ ಹಾಕಿಕೊಡ್ತೀನಿ. ಜಾಸ್ತಿ ಏನೂ ಬೇಡ."

6/7
ಕ್ಲಾಸ್‌ಮೇಟ್ಸ್, ಇದು ನಿಮಗೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಬಾಯಿಪಾಠ ಮಾಡಿದ್ವಲ್ಲ? ಕೆಲಸದ ಸ್ವಭಾವದಿಂದಲೇ ಆಗೋ ನಷ್ಟ ನಾರ್ಮಲ್, ಅದನ್ನ ಒಳ್ಳೇ ಮಾಲಿನ ಬೆಲೆಗೆ ಸೇರಿಸಬೇಕು. ನಿರೀಕ್ಷೆ ಮೀರಿ ಆಗಿದ್ದು ಅಬ್‌ನಾರ್ಮಲ್, ಅದು ಕಾಸ್ಟಿಂಗ್ ಪಿ ಅಂಡ್ ಎಲ್‌ಗೆ ಹೋಗುತ್ತೆ. ಇಂಟರ್ನಲ್ಸ್‌ನಲ್ಲಿ ನನಗೆ ಇದರಲ್ಲಿ ಫುಲ್ ಮಾರ್ಕ್ಸ್.

ಆದ್ರೆ ಆ ಬಿರುಕು ಅವರ ಲೆಕ್ಕದಲ್ಲಿ ನಾರ್ಮಲ್ ಲಾಸ್ ಆಗಿತ್ತು. ಬೆಲೆಯಲ್ಲಿ ಮೊದಲೇ ಸೇರಿತ್ತು. ನಾನು ಉಳಿಸಿದೆ ಅಂದ್ಕೊಂಡ ₹2,000 ಲಾಭದಿಂದ ಬಂದದ್ದಲ್ಲ, ಒಂದು ಮರ ಒಡೆಯೋಕೆ ಇದ್ದ ಅವಕಾಶದಿಂದ ಬಂದದ್ದು. ಮರ ಒಡೆದ ಮೇಲೆ ಆ ನಷ್ಟ ಅವರ ಮೈಮೇಲೆ ಬಿತ್ತು, ಬೈದಿದ್ದೂ ನಾನೇ.

ಅಜ್ಜಿಗೆ ಫೋನ್ ಮಾಡಿ ಅತ್ತೆ, ಅಜ್ಜನ ಮರ ಹಾಳಾಯ್ತು ಅಂತ. ಅಜ್ಜಿ ನಕ್ಕರು. "ಪುಟ್ಟಿ, ಆ ಮಂಚದ ಒಂದು ಕಾಲು ಯಾವಾಗಲೋ ಮುರಿದಿತ್ತು. ನಿನ್ನ ಅಜ್ಜ ಇಟ್ಟಿಗೆ ಕೊಟ್ಟು ಹತ್ತು ವರ್ಷ ಮಲಗಿದ್ರು. ಮೊದಲು ಅವರಿಗೆ ಫೋನ್ ಮಾಡಿ ತಪ್ಪಾಯ್ತು ಅನ್ನು."

ಮಾಡಿದೆ. "ಆಯ್ತಮ್ಮ, ಓದ್ಕೋ" ಅಂದ್ರು, ಅಷ್ಟೇ.

7/7
ಸೆಪ್ಟೆಂಬರ್‌ನಲ್ಲಿ ತರೋಕೆ ಹೋದೆ. ಬಾಕಿ ₹10,000 ಜೊತೆ ಇನ್ನೊಂದು ಸಾವಿರ ಇಟ್ಟೆ. "ಇನ್ನೊಂದು ಸಾವಿರ ಮುಂದಿನ ತಿಂಗಳು ಯುಪಿಐ ಮಾಡ್ತೀನಿ ಸರ್." ಬೇಡ ಅಂತಾರೆ, ಡೈಲಾಗ್ ಹೊಡೀತಾರೆ ಅಂದ್ಕೊಂಡಿದ್ದೆ. ಇಲ್ಲ. ಎಣಿಸಿ ಡ್ರಾಯರ್‌ಗೆ ಹಾಕಿದ್ರು. ಅದು ಅವರ ಎರಡು ದಿನದ ಕೂಲಿ, ಯಾಕೆ ಬೇಡ ಅನ್ಬೇಕು?

ಈಗ ಎರಡನೇ ಫೋಟೋಗೆ ಸ್ವೈಪ್ ಮಾಡಿ. ಬೆನ್ನಿನ ಆ ಹಳದಿ ಅಜ್ಜನ ಮಂಚ. ಮೂರನೇ ಫೋಟೋದಲ್ಲಿ, ಬಿರಡೆ ಇರೋ ತಲೆಭಾಗದ ಮೇಲೆ ತೆಳ್ಳಗೆ ಅಂಟಿಸಿರೋ ಪಟ್ಟಿ ಇದೆಯಲ್ಲ? ಅದು ಬಿರುಕು ಬಿಟ್ಟ ಪಕ್ಕೆ. ನಾನು ಕೇಳಿರಲಿಲ್ಲ, ಅವರೇ ಹಾಕಿದ್ರು. ಹತ್ತಿರದಿಂದ ನೋಡಿದ್ರೆ ಬಿರುಕಿನ ಗೆರೆ ಕಾಣುತ್ತೆ.

ಹಾಗಾಗಿ "ಎಷ್ಟಾಯ್ತು?" ಅನ್ನೋದಕ್ಕೆ ಉತ್ತರ ₹22,000. ನೀವೂ ಏನಾದ್ರೂ ಕೈಯಲ್ಲಿ ಮಾಡಿಸೋಕೆ ಹೋದ್ರೆ, ಯುಕುಲೆಲೆನೇ ಆಗ್ಬೇಕಿಲ್ಲ, ಬ್ಲೌಸೇ ಆಗಲಿ, "ಕಮ್ಮಿ ಮಾಡಿ" ಅನ್ನೋ ಮೊದಲು "ಇದರಲ್ಲಿ ಏನೇನು ಸೇರಿದೆ?" ಅಂತ ಕೇಳಿ. ಕೇಳಿದ ಮೇಲೂ ಜಾಸ್ತಿ ಅನ್ನಿಸಿದ್ರೆ ಆರಾಮಾಗಿ ಚೌಕಾಸಿ ಮಾಡಿ.

ಮೊನ್ನೆ ಅಜ್ಜಿ ಮುಂದೆ ನುಡಿಸಿದೆ. ಪೂರ್ತಿ ಕೇಳಿ, "ಮಂಚಕ್ಕಿಂತ ಕಿರುಗುಟ್ಟೋದು ಕಮ್ಮಿ" ಅಂದ್ರು. ಅದರ ವಿಡಿಯೋ ನಾಳೆ.

ನಿಮ್ಮನೆ ಅಟ್ಟದಲ್ಲಿ ಏನಿದೆ? ಕಾಮೆಂಟಲ್ಲಿ ಹೇಳಿ. ಒಲೆಗೆ ಹಾಕೋ ಮೊದಲು ಒಂದ್ಸಲ ತಟ್ಟಿ ನೋಡಿ.