ಅಗ್ಗದ ಎಸ್ಪ್ರೆಸೊ ಮೆಷಿನ್ನು, ಅಪ್ಪನ ರೋಬಸ್ಟಾ

ಎಸ್ಪ್ರೆಸೊ ಮೆಷಿನ್ ತಗೊಂಡಿದೀನಿ ಅಂದ ಕೂಡಲೇ ನೆಂಟರಿಷ್ಟರು ಕೇಳೋದು "ಎಷ್ಟಾಯ್ತು?" ಅಂತ. ಅದು ಮುಗಿದ ಮೇಲೆ "ಫಿಲ್ಟರ್ ಕಾಫಿಗೇನು ದಾಡಿಯಾಗಿತ್ತು?" ಅಂತ. ಆಗಿದ್ದು 13 ಸಾವಿರ. ಫಿಲ್ಟರ್ ಕಾಫಿಗೆ ಏನೂ ದಾಡಿಯಾಗಿಲ್ಲ. ಬೆಳಿಗ್ಗೆ ಆರಕ್ಕೆ ನಮ್ಮನೇಲಿ ಇವತ್ತಿಗೂ ಸ್ಟೀಲ್ ಫಿಲ್ಟರಿನ ಡಿಕಾಕ್ಷನ್ನೇ, ಅದರ ಜಾಗ ಯಾರಿಗೂ ಬಿಟ್ಟುಕೊಡೋ ಮಾತಿಲ್ಲ. ಮೆಷಿನ್ನಿನದು ಹನ್ನೊಂದು ಗಂಟೆಯ ಕಾಫಿ. ಮನೆಯಿಂದಲೇ ಕೆಲಸ ಮಾಡೋ ದಿನ ಎರಡು ಮೀಟಿಂಗಿನ ನಡುವೆ ಸಿಗೋ ಹತ್ತು ನಿಮಿಷಕ್ಕೆ ಅದು.

ಇದು ಎಲ್ಲರಿಗೂ ಹೇಳೋ ಉತ್ತರ. ನಿಜವಾದ ಕಾರಣ ಬೇರೆ ಇದೆ.

ಅಪ್ಪ ಮೂಡಿಗೆರೆ ಕಡೆ ನಲವತ್ತು ವರ್ಷದಿಂದ ಕಾಫಿ ಬೆಳೀತಿದಾರೆ. ನಾಲ್ಕೆಕರೆ, ಹೆಚ್ಚಿನದು ರೋಬಸ್ಟಾ, ಗುಡ್ಡದ ಮೇಲಿನ ಪಟ್ಟೆಯಲ್ಲಿ ಒಂದಿಷ್ಟು ಅರೇಬಿಕಾ. ದೇಶದ ಕಾಫಿಯಲ್ಲಿ ಸುಮಾರು 70 ಪಾಲು ಕರ್ನಾಟಕದ್ದು. ನಮ್ಮ ಕಾಫಿಯನ್ನ ಹೆಚ್ಚು ಕೊಳ್ಳೋ ದೇಶಗಳಲ್ಲಿ ಇಟಲಿ ಬಹಳ ವರ್ಷಗಳಿಂದ ಮುಂದೆ. ಅಲ್ಲಿ ನಮ್ಮ ರೋಬಸ್ಟಾ ಎಸ್ಪ್ರೆಸೊ ಮಿಶ್ರಣಕ್ಕೆ ಸೇರುತ್ತೆ, ಗಟ್ಟಿತನಕ್ಕೆ ಮತ್ತು ಮೇಲೆ ನಿಲ್ಲೋ ಕೆಂಚು ನೊರೆಗೆ. ಅಪ್ಪನ ಮೂಟೆಗಳು ವ್ಯಾಪಾರಿಯ ಪಿಕಪ್ ಹತ್ತಿದ ಮೇಲೆ ಎಲ್ಲಿಗೆ ಹೋಗ್ತವೆ ಅಂತ ಅಪ್ಪನಿಗೂ ಗೊತ್ತಿಲ್ಲ, ಬಹುಶಃ ಆ ವ್ಯಾಪಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ಬೆಳೆದ ಮನುಷ್ಯ ತನ್ನ ಕಾಫಿ ಆ ರೂಪದಲ್ಲಿ ಹೇಗಿರುತ್ತೆ ಅಂತ ಒಂದು ಸಲವಾದ್ರೂ ಕುಡಿದು ನೋಡ್ಬೇಡ್ವಾ?

ಯಾಕಂದ್ರೆ ತೋಟದ ಮನೆಗಳಲ್ಲಿ ಒಳ್ಳೇ ಕಾಫಿ ಕುಡಿಯೋ ಪದ್ಧತಿ ಇಲ್ಲ. ನಂಬಲಿಕ್ಕೆ ಕಷ್ಟ, ಆದ್ರೆ ನಿಜ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು, ಮನೆ ಬಳಕೆಗೆ ಅಂತ ಒಂದಿಷ್ಟು ಉಳಿಸಿಕೊಳ್ಳಬಹುದಿತ್ತು ಅಷ್ಟೆ. 1992ರಿಂದ ಸಡಿಲಾಗ್ತಾ ಬಂದು 1996ರ ಹೊತ್ತಿಗೆ ಪೂರ್ತಿ ಮುಕ್ತವಾಯ್ತು. ಕಾಯ್ದೆ ಸಡಿಲಾದ್ರೂ ಮನೆಯ ಅಭ್ಯಾಸ ಹಾಗೇ ಉಳೀತು. ಮಾರೋ ಕಾಫಿ ಬೇರೆ, ಕುಡಿಯೋ ಕಾಫಿ ಬೇರೆ. ಒಡೆದದ್ದು, ಕಪ್ಪಾದದ್ದು, ಕಣದ ಮೂಲೆಯಲ್ಲಿ ಗುಡಿಸಿ ತೆಗೆದದ್ದು ಅಮ್ಮನ ಬಾಣಲೆಗೆ. ಕರ್ರಗೆ ಹುರಿದು, ಬೆಲ್ಲ ಹಾಕಿ ಕುದಿಸಿದ್ರೆ ಯಾವ ಕಾಫಿಯಾದ್ರೂ ಒಂದೇ. ಆ ಬೆಲ್ಲದ ಕಾಫಿಯ ಮೇಲೆ ನನಗೆ ಪ್ರೀತಿ ಇದೆ, ಅದನ್ನ ಬಯ್ತಾ ಇಲ್ಲ.

ಸರಿ, ಮೆಷಿನ್ನಿನ ಕತೆಗೆ ಬರೋಣ.

ಡಬ್ಬದ ಮೇಲೆ ದೊಡ್ಡದಾಗಿ "15 ಬಾರ್" ಅಂತ ಬರೆದಿರುತ್ತೆ. ಎಲ್ಲಾ ಅಗ್ಗದ ಮೆಷಿನ್ನುಗಳ ಮೇಲೂ ಬರೆದಿರುತ್ತೆ. ಅದು ಒಳಗಿನ ಪುಟ್ಟ ಪಂಪು ತಳ್ಳಬಲ್ಲ ಗರಿಷ್ಠ ಒತ್ತಡ. ಕಾಫಿ ಪುಡಿಯ ಮೇಲೆ ಬೇಕಾದದ್ದು ಸುಮಾರು 9 ಬಾರ್. ಈ ಒಂಬತ್ತರ ಹಿಂದೆ ಒಂದು ಇತಿಹಾಸ ಇದೆ. ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ 1884ರಲ್ಲಿ ಪೇಟೆಂಟ್ ಪಡೆದ ಯಂತ್ರ, ಆಮೇಲೆ 1901ರ ಲುಯಿಜಿ ಬೆಜ್ಜೆರಾನದು, ಎಲ್ಲಾ ಹಬೆಯ ಬಲದ ಮೇಲೆ ನಡೀತಿದ್ದವು. ಹಬೆಯಿಂದ ಸಿಗೋದು ಒಂದೂವರೆ ಬಾರಿನ ಆಸುಪಾಸು. ಮಿಲಾನಿನ ಅಕಿಲ್ಲೆ ಗಾಜಿಯಾ ಹಬೆ ಬಿಟ್ಟು ಪಿಸ್ಟನ್ನಿನಿಂದ ಬಿಸಿನೀರು ಒತ್ತೋ ದಾರಿ ಹುಡುಕಿ 1938ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಯುದ್ಧ ಮುಗಿದ ಮೇಲೆ ಅವನ ಹಿಡಿಕೆ ಯಂತ್ರಗಳು ಬಂದಾಗಲೇ ಲೋಟದ ಮೇಲೆ ಆ ನೊರೆ, ಅಂದ್ರೆ ಕ್ರೆಮಾ, ಕಾಣಿಸಿಕೊಂಡದ್ದು. ನನ್ನ ಪ್ಲಾಸ್ಟಿಕ್ ಮೆಷಿನ್ನು ಅವನ ಬಡ ಮರಿಮಗ ಅನ್ನಿ.

ಅಗ್ಗದ ಮೆಷಿನ್ನಿನ ಜೊತೆ ಬರೋ ಬುಟ್ಟಿಯಲ್ಲಿ (ಹಿಡಿಕೆಯೊಳಗೆ ಪುಡಿ ತುಂಬೋ ಜರಡಿ ಬಟ್ಟಲು) ಒಂದು ಕಣ್ಕಟ್ಟು ಇದೆ. ಅದಕ್ಕೆ ಎರಡು ತಳ. ಒಳಗಿನದರಲ್ಲಿ ನೂರಾರು ತೂತು, ಹೊರಗಿನದರಲ್ಲಿ ಸೂಜಿ ಮೊನೆಯಷ್ಟು ಒಂದೇ ಒಂದು ತೂತು. ಯಾವ ಪುಡಿ ಹಾಕಿದ್ರೂ ಆ ಒಂದು ತೂತಿನಿಂದ ಚಿಮ್ಮಿ ನೊರೆ ಬರುತ್ತೆ. ನೋಡಲಿಕ್ಕೆ ಜಾಹೀರಾತಿನ ಹಾಗೇ ಇರುತ್ತೆ, ಬಾಯಿಗೆ ಹಾಕಿದ್ರೆ ನೀರು ನೀರು. ಅಂಗಡಿ ಪುಡಿ ಹಾಕುವವರಿಗೆ ಅನುಕೂಲವಾಗಲಿ ಅಂತ ಮಾಡಿದ ಏರ್ಪಾಡು ಅದು, ಮೋಸ ಅಂತ ಹೇಳೋ ಹಾಗಿಲ್ಲ. ಚಿಕೋರಿ ಬೆರೆಸಿದ ಪುಡಿಯನ್ನಂತೂ ಈ ಬುಟ್ಟಿಗೆ ಹಾಕಬೇಡಿ. ಫಿಲ್ಟರಿನಲ್ಲಿ ನೀರನ್ನ ತಡೆದು ನಿಲ್ಲಿಸೋ ಅದರ ಗುಣ ಇಲ್ಲಿ ಕೆಸರು ಮಾಡುತ್ತೆ.

51 ಮಿಲಿಮೀಟರಿನ ಒಂದೇ ತಳದ ಬುಟ್ಟಿ ಬೇರೆಯಾಗಿ ಸಿಗುತ್ತೆ, ಕೆಲವು ನೂರು ರೂಪಾಯಿ. ಅದನ್ನ ಹಾಕಿದ ದಿನದಿಂದ ಮೆಷಿನ್ನು ಸುಳ್ಳು ಹೇಳೋದು ನಿಲ್ಲಿಸ್ತು. ಈಗ ನೀರನ್ನ ತಡೆಯೋದು ಪುಡಿ ಮಾತ್ರ. ಪುಡಿ ದಪ್ಪಗಿದ್ರೆ ಹತ್ತೇ ಸೆಕೆಂಡಿಗೆ ಸುರಿದು ಹುಳಿ ಹುಳಿ, ತೀರಾ ನುಣ್ಣಗಿದ್ರೆ ಪಂಪು ಗೊರ ಗೊರ ಅಂತ ಒದ್ದಾಡಿ ಹನಿ ಹನಿ ಕಹಿ. ಹಾಗಾಗಿ ಬೀಸೋ ಯಂತ್ರಕ್ಕೆ ಮೆಷಿನ್ನಿನ ಅರ್ಧದಷ್ಟು ದುಡ್ಡು ಎತ್ತಿಡಿ ಅಂತ ಯಾರು ಕೇಳಿದ್ರೂ ಹೇಳ್ತೀನಿ. ಮಿಕ್ಸಿಯ ಬ್ಲೇಡು ಬೀಜವನ್ನ ಚಚ್ಚುತ್ತೆ, ಅರ್ಧ ಹಿಟ್ಟು, ಅರ್ಧ ನುಚ್ಚು. ನಾನು ತಗೊಂಡದ್ದು ಕೈಯಲ್ಲಿ ತಿರುಗಿಸೋದು, ಒಳಗೆ ಬೀಸೋಕಲ್ಲಿನ ಹಾಗೆ ಒಂದರೊಳಗೊಂದು ಕೂರೋ ಉಕ್ಕಿನ ಹಲ್ಲು. ದಿನಾ ಎರಡು ನಿಮಿಷ ತೋಳಿಗೆ ವ್ಯಾಯಾಮ :-)

ಆಮೇಲೆ ತಕ್ಕಡಿ. ಚಿನ್ನದಂಗಡಿಯವರ ಹತ್ರ ಇರೋ ಥರದ್ದು, 0.1 ಗ್ರಾಂ ತೋರಿಸುವಂಥದ್ದು. 16 ಗ್ರಾಂ ಪುಡಿ ಹಾಕಿದ್ರೆ 32 ಗ್ರಾಂ ಕಾಫಿ ಇಳೀಬೇಕು, ಅದೂ 25ರಿಂದ 30 ಸೆಕೆಂಡಿನೊಳಗೆ. ಇದು ಆರಂಭದ ಲೆಕ್ಕ ಅಷ್ಟೇ, ಶಾಸ್ತ್ರವಾಕ್ಯ ಅಂತ ತಿಳ್ಕೋಬೇಡಿ. ಪುಡಿಯ ತೂಕ ಹಾಗೇ ಇಟ್ಟುಕೊಂಡು ಬೀಸೋ ಹದವೊಂದನ್ನೇ ದಿನಕ್ಕೊಂದು ಮೆಟ್ಟಿಲು ಬದಲಾಯಿಸ್ತಾ ಹೋದ್ರೆ ನಾಲ್ಕೈದು ದಿನದಲ್ಲಿ ದಾರಿಗೆ ಬರುತ್ತೆ. ಎರಡು ಮೂರು ಒಟ್ಟಿಗೆ ತಿರುವಿದ್ರೆ ಯಾವುದರಿಂದ ಏನಾಯ್ತು ಅಂತಾನೇ ಗೊತ್ತಾಗಲ್ಲ.

ಪುಡಿಯಲ್ಲಿ ಗಂಟು ಇರಬಾರದು. ಗದ್ದೆ ಬದುವಿನಲ್ಲಿ ಒಂದು ಏಡಿ ತೂತು ಇದ್ರೆ ನೀರೆಲ್ಲ ಅಲ್ಲೇ ನುಗ್ಗುತ್ತಲ್ಲ, ಇಲ್ಲೂ ಹಾಗೇ. ಒಂದು ಕಡೆ ಸಡಿಲ ಸಿಕ್ರೆ ನೀರು ಅಲ್ಲೇ ಓಡಿ, ಉಳಿದ ಪುಡಿ ಹಾಗೇ ಕೂತಿರುತ್ತೆ. ಇದಕ್ಕೆ ಅಂತಲೇ ಸಾವಿರ ರೂಪಾಯಿಯ ಉಪಕರಣ ಮಾರ್ತಾರೆ. ನಾನು ಬಾಟಲಿ ಬಿರಡೆಗೆ ನಾಲ್ಕು ಹೊಲಿಗೆ ಸೂಜಿ ಚುಚ್ಚಿ ಕೆದಕ್ತೀನಿ. ಕೆದಕಿ, ಸಮ ಮಾಡಿ, ನೇರವಾಗಿ ಒತ್ತಿದ್ರೆ ಸಾಕು. ಇನ್ನೊಂದು, ಮೆಷಿನ್ನಿನ ದೀಪ ಒಂದು ನಿಮಿಷದೊಳಗೆ "ರೆಡಿ" ಅನ್ನುತ್ತೆ, ನಂಬಬೇಡಿ. ಹಿಡಿಕೆ ಸಿಕ್ಕಿಸಿ ಪುಡಿ ಇಲ್ಲದೆ ಒಂದೆರಡು ಸಲ ಬಿಸಿನೀರು ಹಾಯಿಸಿ. ತಣ್ಣಗಿನ ಕಬ್ಬಿಣಕ್ಕೆ ಬಿಸಿನೀರು ತಾಗಿದ್ರೆ ಎಲ್ಲಾ ಹುಳಿ.

ಹಾಲಿನ ವಿಷಯಕ್ಕೆ ಮನೇಲಿ ಸಣ್ಣ ಯುದ್ಧವೇ ಆಯ್ತು. ನೊರೆ ಬರಿಸಲಿಕ್ಕೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲೇ ಬೇಕು, ಹಬೆ ಅದನ್ನ 60-65 ಡಿಗ್ರಿಗೆ ಏರಿಸುವಷ್ಟರಲ್ಲಿ ನೊರೆ ಆಗುತ್ತೆ. ಅತ್ತೆ ಬಾಗಿಲಲ್ಲೇ ನಿಂತು "ಏನಮ್ಮಾ, ಕಾಯಿಸದ ಹಾಲು ಕುಡೀತೀರಾ?" ಅಂದ್ರು. ಪ್ಯಾಕೆಟ್ ಹಾಲು ಡೈರಿಯಲ್ಲೇ ಪಾಶ್ಚರೀಕರಿಸಿ ಬಂದಿರುತ್ತೆ ಅಂತ ಹೇಳಿದೆ. ಒಪ್ಪಲಿಲ್ಲ. ಹಾಲು ಅಂದ್ರೆ ಉಕ್ಕಬೇಕು, ಕೆನೆ ಕಟ್ಟಬೇಕು. ಈಗ ಅವರ ಲೋಟಕ್ಕೆ ಕಾಯಿಸಿದ ಹಾಲು, ನೊರೆ ಇಲ್ಲದ್ದು. ಕೆಳಗೆ ಮಾತ್ರ ಎಸ್ಪ್ರೆಸೊ, ಮೇಲೆ ಎರಡು ಚಮಚ ಸಕ್ಕರೆ. "ಇವತ್ತು ಡಿಕಾಕ್ಷನ್ ಚೆನ್ನಾಗಿದೆ" ಅಂತಾರೆ. ನಾನು ಅದನ್ನ ಸರ್ಟಿಫಿಕೇಟು ಅಂತ ತಗೊಂಡಿದೀನಿ.

ನೀರಿನದು ಒಂದೇ ಮಾತು. ಬೆಂಗಳೂರಿನ ಬೋರ್‌ವೆಲ್ ನೀರು ಮೆಷಿನ್ನಿಗೆ ಶತ್ರು, ಒಳಗೆಲ್ಲ ಸುಣ್ಣ ಕಟ್ಟುತ್ತೆ. ಕುಡಿಯೋ ಫಿಲ್ಟರ್ ನೀರು ಹಾಕಿ, ಎರಡು ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೀರು ಹಾಯಿಸಿ ಆಮೇಲೆ ಚೆನ್ನಾಗಿ ತೊಳೆದುಬಿಡಿ.

ಇಷ್ಟೆಲ್ಲ ಹದಕ್ಕೆ ಬಂದ ಮೇಲೇ ನಾನು ಅಪ್ಪನ ರೋಬಸ್ಟಾ ತರಿಸಿದ್ದು, ಮಾರಲಿಕ್ಕೆ ಇಟ್ಟ ಮೂಟೆಯಿಂದಲೇ. ಮಿಲ್ಲಿನಲ್ಲಿ ಸಿಪ್ಪೆ ಬಿಡಿಸಿದ ಎರಡು ಕೆಜಿ. ಇಲ್ಲಿ ಗೆಳೆಯರೊಬ್ಬರ ಸಣ್ಣ ಹುರಿಯೋ ಯಂತ್ರದಲ್ಲಿ ಮಧ್ಯಮಕ್ಕಿಂತ ಸ್ವಲ್ಪ ಕಪ್ಪಗೆ ಹುರಿಸಿದೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತೆ, ಕೂಡಲೇ ಮಾಡಿದ್ರೆ ಬರೀ ಗುಳ್ಳೆ. ಹತ್ತು ದಿನ ಕಾದೆ. ಬಂತು ನೋಡಿ ನೊರೆ, ಅರೇಬಿಕಾದಲ್ಲಿ ಒಂದು ದಿನವೂ ಕಾಣದಷ್ಟು ದಪ್ಪ! ಹುರಿದ ಕಡ್ಲೆಕಾಯಿಯ ಪರಿಮಳ, ಸುಟ್ಟ ಬೆಲ್ಲ. ಆದ್ರೆ ಕೊನೆಗೆ ನಾಲಿಗೆಯ ಮೇಲೆ ಒಂದು ಒಗರು, ಒಣ ಹುಲ್ಲಿನಂಥದ್ದು. ಹದ ಬದಲಾಯಿಸಿದೆ, ತೂಕ ಬದಲಾಯಿಸಿದೆ. ಮೂವತ್ತು ಪಾಲು ಇದು, ಎಪ್ಪತ್ತು ಪಾಲು ಅರೇಬಿಕಾ (ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್.795, ನಮ್ಮ ಕಡೆ ಎಲ್ಲರ ತೋಟದಲ್ಲೂ ಇರೋದು) ಬೆರೆಸಿದೆ. ಒಗರು ಕಮ್ಮಿಯಾಯ್ತು, ಹೋಗಲಿಲ್ಲ.

ಅಪ್ಪ ಕಣ್ಣು ತೋರಿಸಲಿಕ್ಕೆ ಬೆಂಗಳೂರಿಗೆ ಬಂದಾಗ ಮಾಡಿಕೊಟ್ಟೆ. ಪುಟ್ಟ ಲೋಟ ನೋಡಿ "ಎಂತ ಇದು, ಕೆಮ್ಮಿನ ಔಷಧಿಯಾ?" ಅಂದ್ರು. ನಿಮ್ಮದೇ ಕಾಫಿ, ಇಟಲಿಯವರು ಹೀಗೇ ಕುಡಿಯೋದು ಅಂದೆ. ಎರಡು ಗುಟುಕು ಕುಡಿದು ಸುಮ್ಮನೆ ಕೂತ್ರು. ಚೆನ್ನಾಗಿದೆ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಆಮೇಲೆ "ಆ ಡಬ್ಬ ತಾ" ಅಂದ್ರು.

ಡೈನಿಂಗ್ ಟೇಬಲ್ಲಿನ ಮೇಲೆ ಸ್ಟೀಲ್ ತಟ್ಟೆ ಇಟ್ಟುಕೊಂಡು ಹುರಿದ ಬೀಜ ಹರಡಿದ್ರು. ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದ ಮನುಷ್ಯ! ಬೆರಳಲ್ಲಿ ಒಂದೊಂದೇ ಬದಿಗೆ ಸರಿಸ್ತಾ ಹೋದ್ರು. ಉಳಿದೆಲ್ಲ ಕಂದಾಗಿದ್ರೆ ಕೆಲವು ಮಾತ್ರ ತಿಳಿ ಬಣ್ಣ, ಕಡ್ಲೆಬೀಜದ ಹಾಗೆ. "ಇದು ಹಸಿರು ಕಾಯಿ ಮಗಾ. ಹಣ್ಣಾಗದೆ ಕೊಯ್ದದ್ದು. ಎಷ್ಟು ಹುರಿದ್ರೂ ಬಣ್ಣ ಬರಲ್ಲ." ಇನ್ನು ಕೆಲವಕ್ಕೆ ಸೂಜಿ ಚುಚ್ಚಿದಂಥ ತೂತು, ಕಾಯಿಕೊರಕದ್ದು. ಚೂರು, ಪೂರಾ ಕಪ್ಪು. ಕಾಲು ಕೆಜಿಯಲ್ಲಿ ಒಂದು ಹಿಡಿಯಷ್ಟು ಆಚೆ ಹೋಯ್ತು. ಉಳಿದದ್ದರಲ್ಲಿ 16 ಗ್ರಾಂ ತೂಗಿ, ಅದೇ ಹದದಲ್ಲಿ ಬೀಸಿ, ಅದೇ ಮೆಷಿನ್ನಿನಲ್ಲಿ ಇಳಿಸಿದೆ.

ಒಣ ಹುಲ್ಲು ಹೋಗಿತ್ತು.

ಮೂರು ತಿಂಗಳು ನಾನು ತಕ್ಕಡಿ, ಗಡಿಯಾರ ಹಿಡಿದು ಹುಡುಕಿದ್ದು ಆ ತಟ್ಟೆಯ ಅಂಚಿನಲ್ಲಿ ಬಿದ್ದಿತ್ತು. ಇಷ್ಟು ಕಣ್ಣಿಗೆ ಕಾಣುವಾಗ ಮೊದಲೇ ಬೇರೆ ಮಾಡಿ ಮಾರಬಹುದಲ್ಲ ಅಪ್ಪ ಅಂತ ಕೇಳಿದೆ. ಅಪ್ಪ ನಕ್ಕರು. ರೋಬಸ್ಟಾ ಕೊಯ್ಲು ಅಂದ್ರೆ ರೆಕ್ಕೆ ಹಿಡಿದು ಒಂದೇ ಸಲ ಎಳೆಯೋದು, ಹಣ್ಣು, ಕಾಯಿ ಎಲ್ಲಾ ಒಟ್ಟಿಗೆ ಬುಟ್ಟಿಗೆ. ಕೂಲಿ ಕೆಜಿ ಲೆಕ್ಕ. ಹಣ್ಣು ಮಾತ್ರ ಆರಿಸಿ ಅಂದ್ರೆ ಒಬ್ಬಾಳು ದಿನಕ್ಕೆ ಕೊಯ್ಯೋದು ಅರ್ಧಕ್ಕಿಳಿಯುತ್ತೆ, ಅದೇ ಗಿಡಕ್ಕೆ ಎರಡು ಮೂರು ಸಲ ಬರಬೇಕು, ಅದಕ್ಕೆ ಜನವೂ ಇಲ್ಲ. ವ್ಯಾಪಾರಿ ನೋಡೋದು ತೇವ, ಐವತ್ತು ಕೆಜಿ ಮೂಟೆಗೆ ಎಷ್ಟು ಬೀಜ ಇಳಿಯುತ್ತೆ ಅನ್ನೋದು. ರುಚಿ ನೋಡಲ್ಲ. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗಲೂ ಹಸಿರು ಕಾಯಿಗೂ ಹಣ್ಣಿಗೂ ಅದೇ ದರ ಸಿಕ್ಕಿದ್ದು.

"ಹಣ್ಣು ಮಾತ್ರ ಕೊಯ್ದು ಕೊಟ್ರೆ ಮೂಟೆಗೆ ಎಷ್ಟು ಜಾಸ್ತಿ ಕೊಡ್ತಾನಂತೆ ನಿನ್ನ ಇಟಲಿಯವ?"

ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಒಳ್ಳೇ ಹಣ್ಣಿಗೆ ಹೆಚ್ಚು ದರ ಕೊಟ್ಟು ತೋಟದಿಂದಲೇ ನೇರ ಕೊಳ್ಳೋ ಹುರಿಯುವವರು ಬೆಂಗಳೂರಿನಲ್ಲೇ ಇದಾರೆ. ಆದ್ರೆ ನಾಲ್ಕೆಕರೆಯವರ ಮನೆ ಬಾಗಿಲಿಗೆ ವರ್ಷ ತಪ್ಪದೆ ಬರೋದು ಆ ಪಿಕಪ್ಪೇ. ಅಪ್ಪ ಮಾರನೇ ದಿನ ಬಸ್ಸಿಗೆ ಹೋದ್ರು.

ಮಾರ್ಚಿನಲ್ಲಿ ಊರಿಂದ ಒಂದು ಗೋಣಿ ಗಂಟು ಬಂತು. ಒಳಗೆ ಆರು ಕೆಜಿ ಬೀಜ, ಜೊತೆಗೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಪ್ಪನ ಅಕ್ಷರ: "ಮೇಲಿನ ಪಟ್ಟೆ ಪಕ್ಕದ 20 ಗಿಡ. ಹಣ್ಣು ಮಾತ್ರ. ನಾನು, ಅಮ್ಮ ಕೊಯ್ದದ್ದು. ಕೂಲಿ ಲೆಕ್ಕ ಹಾಕಿಲ್ಲ. ಕುಡಿದು ಹೇಳು."

ಅಮ್ಮನಿಗೆ ಫೋನ್ ಮಾಡಿದ್ರೆ, ಅದರಲ್ಲೇ ಎರಡು ಕೆಜಿ ಮನೆಗೂ ಇಟ್ಟುಕೊಂಡಿದಾರಂತೆ. ಬಾಣಲೆಯಲ್ಲಿ ಕರ್ರಗೆ ಹುರಿಯಲಿಕ್ಕೆ ಅಪ್ಪ ಬಿಡ್ತಿಲ್ಲವಂತೆ.

ನನ್ನ ಪಾಲಿನದು ಹುರಿಸಿ ಇವತ್ತಿಗೆ ನಾಲ್ಕು ದಿನ. ಇನ್ನೊಂದು ವಾರ ಡಬ್ಬ ತೆಗೆಯೋ ಹಾಗಿಲ್ಲ.