ಸ್ಕ್ರೂಡ್ರೈವರ್ ಕೊನೆಗೆ

ಏಪ್ರಿಲ್ ಬಂತೆಂದರೆ ನಮ್ಮ ಹಾಸನದ ಕಡೆ ಎರಡು ಸಂಗತಿ ತಪ್ಪುವುದಿಲ್ಲ. ಸಂಜೆ ಗುಡುಗು ಸಿಡಿಲಿನ ಮಳೆಗೆ ಕರೆಂಟು ಹೋಗಿಬಂದು ಮಾಡುತ್ತದೆ. ಪರೀಕ್ಷೆ ಮುಗಿಸಿದ ಮಕ್ಕಳು ಅಟ್ಟದ ಮೇಲಿದ್ದ ವಿಡಿಯೋ ಗೇಮನ್ನು ಕೆಳಗಿಳಿಸುತ್ತಾರೆ. ಎರಡೂ ಒಂದೇ ವಾರ ಕೂಡಿಬಂದರೆ ಯಾವುದಾದರೂ ಮನೆಯಲ್ಲಿ ಗೇಮು ಆನ್ ಆಗದೆ ಕೂರುತ್ತದೆ. ಆಗ ದೊಡ್ಡವರು, 'ಹಳೇದಾಯ್ತು, ಬಿಸಾಕು' ಅನ್ನುತ್ತಾರೆ. ಮಕ್ಕಳು ಸ್ಕ್ರೂಡ್ರೈವರ್ ಹುಡುಕುತ್ತಾರೆ. ಈ ಎರಡಕ್ಕೂ ಮುಂಚೆ ಮಾಡಬೇಕಾದ್ದು ಬೇಕಾದಷ್ಟಿದೆ ಎಂಬುದೇ ನನ್ನ ಮಾತು.

ಅರಕಲಗೂಡಿನ ಕಡೆ ಪಂಪ್‌ಸೆಟ್ ನೀರೆತ್ತದಿದ್ದರೆ ಯಾವ ರೈತನೂ ಮೊದಲೇ ಮೋಟಾರಿಗೆ ಕೈ ಹಾಕುವುದಿಲ್ಲ. ಮೂರೂ ಫೇಸ್ ಇದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ, ಫುಟ್‌ವಾಲ್ವಿಗೆ ಕಸ ಕಟ್ಟಿದೆಯೇ ಎಂದು ಒಂದೊಂದಾಗಿ ನೋಡುತ್ತಾ ಬರುತ್ತಾನೆ. ಗೇಮಿನ ಪೆಟ್ಟಿಗೆಗೂ ಇದೇ ಕ್ರಮ. ಹೊರಗಿನಿಂದ ಒಳಕ್ಕೆ ಬರಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅಡಾಪ್ಟರು, ವೈರು, ಕ್ಯಾಸೆಟ್ಟು ಮೂರನ್ನೂ ಒಟ್ಟಿಗೆ ಬದಲಿಸಿ ಗೇಮು ಹತ್ತಿದರೆ, ಕೆಟ್ಟದ್ದು ಯಾವುದೆಂದು ಕೊನೆಗೂ ಗೊತ್ತಾಗುವುದಿಲ್ಲ.

ಗೋಡೆಯ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡುವುದು ಮೊದಲ ಹೆಜ್ಜೆ. ಆಮೇಲೆ ಅಡಾಪ್ಟರ್. ಇಲ್ಲಿ ಮಲ್ಟಿಮೀಟರ್ ಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಈ ಉಪಕರಣ ಪ್ರತಿ ಮನೆಯಲ್ಲೂ ಇರಬೇಕಾದದ್ದು. ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗಳಿಗೆ ಬಂದ, ಮಾರಿಯೋ, ಕಾಂಟ್ರಾ ಆಡಿಸುತ್ತಿದ್ದ ಪೆಟ್ಟಿಗೆಗಳು ಹೆಚ್ಚಿನವು 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊ ಫ್ಯಾಮಿಕಾಮಿನ ನಕಲುಗಳು. ಅವಕ್ಕೆ ಸಾಮಾನ್ಯವಾಗಿ 9 ವೋಲ್ಟಿನ ಅಡಾಪ್ಟರ್. ಒಳಗೆ 7805 ಎಂಬ ಮೂರು ಕಾಲಿನ ಪುಟ್ಟ ಬಿಡಿಭಾಗವೊಂದು ಅದನ್ನು 5 ವೋಲ್ಟಿಗೆ ಇಳಿಸಿ ಬೋರ್ಡಿಗೆ ಕೊಡುತ್ತದೆ. ಒಳಬರುವ ಕಾಲಿನಲ್ಲಿ 9 ಬರುತ್ತಿದ್ದು ಹೊರಹೋಗುವ ಕಾಲಿನಲ್ಲಿ ಏನೂ ಇಲ್ಲವೆಂದರೆ ಅನುಮಾನ ಅದರ ಮೇಲೆಯೇ. ಅದನ್ನು ಬದಲಿಸಲು ಆಗುವ ಖರ್ಚು ಎರಡು ಕಾಫಿಯ ದುಡ್ಡು. ಬೇರೆ ಅಡಾಪ್ಟರ್ ಹಾಕುವಾಗ ಮಾತ್ರ ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ನೋಡಿಯೇ ಹಾಕಬೇಕು. ಅದು ತಿರುಗುಮುರುಗಾದರೆ ಇದ್ದದ್ದೂ ಸುಟ್ಟೀತು.

ಊರು ಕೇಳಿದರೆ ದೋಷವನ್ನು ಅರ್ಧ ಊಹಿಸಬಹುದು. ಅರಕಲಗೂಡಿನಿಂದ ಪಶ್ಚಿಮಕ್ಕೆ ಮಳೆಗಾಲದ ತೇವ ಪೆಟ್ಟಿಗೆಯೊಳಕ್ಕೂ ಇಳಿಯುತ್ತದೆ. ತಾಮ್ರದ ಪಟ್ಟಿಗಳು ಕಿಲುಬು ಹಿಡಿದು ಹಸಿರಾಗುತ್ತವೆ. ಚನ್ನರಾಯಪಟ್ಟಣದ ಕಡೆ ಒಣ ಸೀಮೆ, ಅಲ್ಲಿ ಧೂಳಿನ ಕಾಟ. ಇರುವೆಗೆ ಮಾತ್ರ ಹೊಳೆನರಸೀಪುರವೂ ಒಂದೇ, ಹಾಸನವೂ ಒಂದೇ. ಬೆಚ್ಚಗಿನ ಪೆಟ್ಟಿಗೆ ಸಿಕ್ಕರೆ ಮೊಟ್ಟೆ ಸಮೇತ ಸಂಸಾರ ಹೂಡುತ್ತದೆ.

ಲೈಟ್ ಹತ್ತಿದೆ, ಟೀವಿಯಲ್ಲಿ ಚಿತ್ರವಿಲ್ಲ ಅನ್ನೋಣ. ಟೀವಿ ಎವಿ ಮೋಡಿನಲ್ಲಿದೆಯೇ, ಹಳದಿ ವೈರು ಹಳದಿ ತೂತಿನಲ್ಲೇ ಇದೆಯೇ ನೋಡಿ. ಅದೂ ಸರಿಯಿದ್ದರೆ ಕ್ಯಾಸೆಟ್ಟಿಗೆ ಬನ್ನಿ. ಕ್ಯಾಸೆಟ್ ತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದು ಒಂದು ಇಡೀ ತಲೆಮಾರಿನ ಅಭ್ಯಾಸ. ಊದಿದರೆ ಕೆಲಸ ಮಾಡುತ್ತಿತ್ತಲ್ಲ ಎಂದು ಈಗಲೂ ವಾದಿಸುವವರಿದ್ದಾರೆ. ನಿಜವಾಗಿ ಕೆಲಸ ಮಾಡುತ್ತಿದ್ದುದು ತೆಗೆದು ಹಾಕಿದ್ದು. ಆಗ 60 ಪಿನ್ನುಗಳೂ ಹೊಸದಾಗಿ ಕೂಡಿಕೊಳ್ಳುತ್ತಿದ್ದವು. ಉಸಿರಿನ ತೇವ ದಿನ ಕಳೆದಂತೆ ಲೋಹವನ್ನು ತಿನ್ನುತ್ತದೆ. ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಪಟ್ಟಿಗಳ ಉದ್ದಕ್ಕೆ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹತ್ತಿ ಕಪ್ಪಾಗುತ್ತದೆ, ಕಪ್ಪಾಗುವುದು ನಿಲ್ಲುವವರೆಗೂ ಒರೆಸಿ, ಪೂರ್ತಿ ಆರಲು ಬಿಡಿ.

ಆಡುವ ರಿಮೋಟಿನಲ್ಲಿ ಜಂಪ್ ಬಟನ್ ಕೂತುಹೋಗಿದ್ದರೆ ಹಿಂದಿನ ಸ್ಕ್ರೂ ಬಿಚ್ಚಬಹುದು. ಒಳಗೆ ರಬ್ಬರ್ ಹಾಳೆಯ ಅಡಿಯಲ್ಲಿ ಬಟನ್ನಿಗೊಂದರಂತೆ ಕರಿಯ ಚುಕ್ಕೆ ಕಾಣುತ್ತದೆ. ಒತ್ತಿದಾಗ ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಬೆಸೆಯುವುದು ಅದೇ. ಬೋರ್ಡನ್ನು ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಒರೆಸಬಹುದು. ಚುಕ್ಕೆಯನ್ನು ಮಾತ್ರ ಒಣಬಟ್ಟೆಯಲ್ಲಿ ಮೆಲ್ಲಗೆ ಸವರಿದರೆ ಸಾಕು, ತಿಕ್ಕಿದರೆ ಆ ಕರಿ ಪದರವೇ ಎದ್ದುಹೋಗುತ್ತದೆ.

ಬಿಚ್ಚದೆ ದೋಷ ಹುಡುಕುವ ವಿದ್ಯೆಯಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಹೆಸರೇ ಇದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಿಂದಲೂ ಇದೆ. ಅಲ್ಲಿನವರು ನೋಡಿಕೊಳ್ಳುವ ಉಪಗ್ರಹಗಳು 36,000 ಕಿಲೋಮೀಟರ್ ಮೇಲಿರುತ್ತವೆ. ಸ್ಕ್ರೂಡ್ರೈವರ್ ಮುಟ್ಟುವ ಮಾತೇ ಇಲ್ಲ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ತೊಂದರೆಯ ಮೇಲೆ ತೊಂದರೆ ಕಂಡು ಸೆಪ್ಟೆಂಬರಿಗೇ ಕೈಕೊಟ್ಟಿತು. ಮರುವರ್ಷ ಹೋದ ಇನ್ಸಾಟ್-1ಬಿಯ ಸೌರಫಲಕವೂ ಮೊದಲು ಬಿಚ್ಚಿಕೊಳ್ಳದೆ ಹಟ ಹಿಡಿಯಿತು. ಭೂಮಿಯಿಂದ ಒಂದೊಂದೇ ಆಜ್ಞೆ ಕಳಿಸಿ, ಅದು ಕೊಡುವ ಉತ್ತರ ಓದಿ, ಕೊನೆಗೆ ಬಿಡಿಸಿದರು. ದೇಶದ ಮೂಲೆಮೂಲೆಗೂ ದೂರದರ್ಶನ ತಲುಪಿದ್ದು ಆ ಉಪಗ್ರಹದ ಮೂಲಕ; ಆ ಟೀವಿಗಳಿಗೇ ಮುಂದೆ ಮಕ್ಕಳು ಗೇಮು ಸಿಕ್ಕಿಸಿದರು.

ಎಲ್ಲ ದೋಷಕ್ಕೂ ಮನೆಮದ್ದಿಲ್ಲ. ಎಕ್ಸ್‌ಬಾಕ್ಸ್ 360ರಲ್ಲಿ ಕೆಂಪು ದೀಪದ ಉಂಗುರ ಹತ್ತಿ ಪೆಟ್ಟಿಗೆ ಸಾಯುತ್ತಿದ್ದಾಗ ಮೈಕ್ರೋಸಾಫ್ಟೇ 2007ರ ಜುಲೈಯಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, 100 ಕೋಟಿ ಡಾಲರಿಗೂ ಮಿಕ್ಕಿ ತೆಗೆದಿಡಬೇಕಾಯಿತು. ಕಾದು ಆರಿ, ಕಾದು ಆರಿ ಒಳಗಿನ ಬೆಸುಗೆ ಬಿರಿಯುವಂಥ ದೋಷವನ್ನು ಊಟದ ಮೇಜಿನ ಮೇಲೆ ಸರಿಮಾಡಲಾಗದು. ಆದರೆ ಗಾಳಿ ಹೋಗುವ ಕಿಂಡಿಗಳ ಧೂಳು ತೆಗೆದು, ಪೆಟ್ಟಿಗೆಯನ್ನು ಟೀವಿ ಗೂಡಿನಲ್ಲಿ ಉಸಿರುಗಟ್ಟಿಸದೆ ಇಟ್ಟರೆ ಎಷ್ಟೋ ಯಂತ್ರಗಳ ಆಯಸ್ಸು ಬೆಳೆಯುತ್ತದೆ. ಮನೆಯ ಕರೆಂಟು ನೇರವಾಗಿ ಹೊಗುವ ಪವರ್ ಸಪ್ಲೈ ಮತ್ತು ಹಳೆಯ ಡಬ್ಬಾ ಟೀವಿಯ ಒಳಭಾಗ, ಈ ಎರಡನ್ನು ಮಾತ್ರ ಬಲ್ಲವರಿಗೇ ಬಿಡಬೇಕು. ಪ್ಲಗ್ ಕಿತ್ತ ಮೇಲೂ ಅಲ್ಲಿನ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಆ ಬಲ್ಲವರು ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ. ರೇಡಿಯೋ, ಟೇಪ್ ರೆಕಾರ್ಡರ್, ಟೀವಿ ದಾಟಿ ಈಗ ಮೊಬೈಲ್ ರಿಪೇರಿಗೆ ಕೂತ ಕೈಗಳು ಅವು. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಚಿತ್ರ, ನಾಟಕ, ಈಜು ಕಲಿಸುತ್ತೇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆ ಶಿಬಿರಕ್ಕೊಂದು ರಿಪೇರಿ ಮೇಜು ಹಾಕೋಣ. ಮನೆಮನೆಯ ಕೆಟ್ಟ ಗೇಮುಗಳನ್ನು ತರಿಸಿ, ಪೇಟೆಯ ಒಬ್ಬ ಮೆಕ್ಯಾನಿಕ್ಕನ್ನು ಗೌರವಧನ ಕೊಟ್ಟು ಕರೆಯೋಣ. ಹತ್ತರಲ್ಲಿ ಎರಡು ಹತ್ತಿದರೂ ಸಾಕು. ಉಳಿದ ಎಂಟು ಏಕೆ ಹತ್ತಲಿಲ್ಲವೆಂದು ಬಾಯಿಬಿಟ್ಟು ವಿವರಿಸಬಲ್ಲ ಮಗು, ಎದುರಿಗೆ ಕೆಟ್ಟು ನಿಂತ ಯಾವುದನ್ನೂ ಮುಂದೆ ಕಾರಣ ಕೇಳದೆ ಎಸೆಯಲಾರದು.