ಹಿಮ್ಮಡಿಯ ನೋವು

ಮುಖಕ್ಕೆ ಕನ್ನಡಿಯುಂಟು, ಕೈಗೆ ಬಳೆಯುಂಟು. ಅಂಗಾಲನ್ನು ಮಾತ್ರ ಮುಳ್ಳು ಚುಚ್ಚಿದ ದಿನದ ಹೊರತು ಯಾರೂ ತಿರುಗಿಸಿ ನೋಡರು. 26 ಎಲುಬುಗಳುಳ್ಳ ಈ ಅವಯವವು ಇಡೀ ದೇಹವನ್ನು ಹೊತ್ತು ಹೊತ್ತು, ನಡುವಯಸ್ಸಿನಲ್ಲಿ ಒಂದು ಮುಂಜಾನೆ ಮುನಿದುಕೊಳ್ಳುವುದು.

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯ ಸೀಮೆಯಲ್ಲಿ ಈ ಮುನಿಸಿಗೆ ರೇಷ್ಮೆಯ ಕಸುಬೂ ಒಂದು ಕಾರಣವಾಗುವುದು. ನಾಲ್ಕನೆಯ ಜ್ವರದಿಂದೆದ್ದ ಹುಳುಗಳ ಹಸಿವು ಅಪಾರವಾದುದು. ಒಂದು ಬೆಳೆಗೆ ಬೇಕಾದ ಹಿಪ್ಪುನೇರಳೆಯ ಸೊಪ್ಪಿನಲ್ಲಿ ಬಹುಪಾಲು ಆ ಕಡೆಯ ವಾರದಲ್ಲಿಯೇ ತೀರುವುದು. ಹುಳುವಿಗೆ ಹೊರಗಿನ ರೋಗ ತಗಲದಿರಲೆಂದು ಮೆಟ್ಟನ್ನು ಹೊಸ್ತಿಲಾಚೆ ಬಿಡುವುದು ಪದ್ಧತಿ. ಸರಿಯಾದ ಪದ್ಧತಿಯೇ, ಆದರೆ ಹುಳುವಿಗೆ ಹಿತವಾದುದು ಮನೆಯಾಕೆಯ ಹಿಮ್ಮಡಿಗೆ ಹಿತವಲ್ಲ. ಸೊಪ್ಪು ಹಾಕುತ್ತ, ಹಿಕ್ಕೆ ತೆಗೆಯುತ್ತ, ಗಟ್ಟಿನೆಲದ ಮೇಲೆ ಬರಿಗಾಲಿನಲ್ಲಿ ಗಂಟೆಗಟ್ಟಲೆ ನಿಂತವಳು ಮರುದಿನ ಮೊದಲ ಹೆಜ್ಜೆಯಿಟ್ಟಾಗ ಮೊಳೆ ಹೊಕ್ಕಂತಾಗಿ ಗೋಡೆ ಹಿಡಿಯುವಳು. ಹತ್ತು ಹೆಜ್ಜೆ ನಡೆದರೆ ನೋವು ಇಳಿಯುವುದು. ಇಳಿಯಿತಲ್ಲಾ ಎಂದು ಆಕೆ ಯಾರಿಗೂ ಹೇಳುವುದಿಲ್ಲ.

ಹಿಮ್ಮಡಿಯ ಎಲುಬಿನಿಂದ ಬೆರಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಒಂದು ನಾರಿನ ಪಟ್ಟಿಯು ಹಬ್ಬಿರುವುದು. ರಾತ್ರಿ ಅದು ಸಡಿಲಗೊಂಡು ಕುಗ್ಗುವುದು. ಬೆಳಿಗ್ಗೆ ಮೈಭಾರವು ಅದನ್ನು ತಟ್ಟನೆ ಎಳೆಯುವುದು. ದೇಹದ ತೂಕ, ಬಿಗಿದ ಮೀನಖಂಡ, ಚಪ್ಪಟೆ ಅಂಗಾಲು, ಸವೆದ ಮೆಟ್ಟು ಇವೆಲ್ಲ ಅದಕ್ಕೆ ಒತ್ತಾಸೆ. ಪಾದವನ್ನು ಓರೆಯಾಗಿ ಊರಿದಾಗ ಹರಡಿನಲ್ಲಿ ಹುಟ್ಟುವ ನೋವನ್ನು ಸುಶ್ರುತಸಂಹಿತೆಯು ವಾತಕಂಟಕವೆಂದು ಕರೆದಿದೆ, ಕಂಟಕವೆಂದರೆ ಮುಳ್ಳಷ್ಟೆ. ಕ್ಷಕಿರಣದ ಚಿತ್ರದಲ್ಲಿಯೂ ಕೆಲವೊಮ್ಮೆ ಹಿಮ್ಮಡಿಯ ಎಲುಬಿಗೆ ಮುಳ್ಳಿನಂತಹ ಮೊನೆಯು ಕಾಣುವುದುಂಟು. ಅದನ್ನು ಕಂಡು ಬೆದರಬೇಕಾದುದಿಲ್ಲ. ಎಳ್ಳಷ್ಟೂ ನೋವಿಲ್ಲದವರಲ್ಲಿಯೂ ಅದು ಇರುವುದು.

ಮೀನಖಂಡವನ್ನೂ ಅಂಗಾಲನ್ನೂ ನಿತ್ಯವೂ ನೀವಿ ಹಿಗ್ಗಿಸುವುದು, ಮೆತ್ತನೆಯ ಮೆಟ್ಟು, ತುಸು ವಿಶ್ರಾಂತಿ: ಇಷ್ಟರಿಂದಲೇ ಹೆಚ್ಚಿನವರಿಗೆ ಒಂದು ವರ್ಷದೊಳಗೆ ಗುಣ ಕಾಣುವುದು. ಬದುವಿನ ಮೇಲೆ ಕಾಲು ಉಳುಕಿ, ಹರಡು ಊದಿ, ನಾಲ್ಕು ಹೆಜ್ಜೆಯನ್ನೂ ಇಡಲಾಗದಿದ್ದರೆ ಮಾತ್ರ ನೀವಿಸಿಕೊಳ್ಳುವ ಮುನ್ನ ವೈದ್ಯರಿಗೆ ತೋರಿಸತಕ್ಕದ್ದು; ಎಲುಬು ಮುರಿದಿರಬಹುದು.

ಅದೇ ಮನೆಯ ಯಜಮಾನನಿಗೆ ಸಿಹಿಮೂತ್ರವಿದ್ದು, ತನಗೆ ಕಾಲುನೋವೇ ಇಲ್ಲವೆಂದು ಆತನು ಹೆಮ್ಮೆಪಟ್ಟರೆ, ಅಂಜತಕ್ಕದ್ದು ಆ ಕಾಲಿಗೆ. ನರಗಳು ಮರಗಟ್ಟಿದ ಪಾದವು ಮುಳ್ಳನ್ನು ಅರಿಯದು, ಹುಣ್ಣನ್ನೂ ಅರಿಯದು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡರು, ಕುಷ್ಠರೋಗಿಗಳ ಪಾದದ ಗಾಯಗಳಿಗೆ ನೋವಿನ ಅಭಾವವೇ ಮುಖ್ಯ ಕಾರಣವೆಂದು ತೋರಿಸಿಕೊಟ್ಟರು. ಅಂತಹ ಪಾದಗಳಿಗೆಂದು ಅಲ್ಲಿ ರೂಢಿಗೆ ಬಂದ ಮೆತ್ತನೆಯ ರಬ್ಬರಿನ ಮೆಟ್ಟನ್ನು ಈಗ ಸಿಹಿಮೂತ್ರದವರೂ ತೊಡುವರು. ಮನೆಯಾಕೆಗೂ ಅಂತಹ ಒಂದು ಜೊತೆಯನ್ನು ಕೊಂಡು, ತೊಳೆದು, ಹೊಸ್ತಿಲು ದಾಟಿಸದೆ ಹುಳುವಿನ ಮನೆಯ ಒಳಗೇ ಇರಿಸಿದರೆ ಹುಳುವಿಗೂ ಬಾಧೆಯಿಲ್ಲ.